ಬಟ್ಟಲ ಕೆಳಗಿನ ಶೇಂಗಾ ಉಂಡಿ

ಕಳೆದ ವಾರ ವರದಿಯೊಂದಕ್ಕೆಂದು ಕುರುಗೋಡಿಗೆ ಹೋಗಿದ್ದೆ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಹುರಿದ ಶೇಂಗಾವನ್ನು ಬೆಲ್ಲದ ಪಾಕಕ್ಕೆ ಸುರಿದು ಉಂಡಿ ಕಟ್ಟುತ್ತಿದ್ದರು. ಆ ವಾಸನೆಗೆ ಕಾಲು ತಾನಾಗಿ ನಿಂತಿತು. ನೆನಪಾದದ್ದು ಸಿರುಗುಪ್ಪದಿಂದ ಬರುತ್ತಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಒಬ್ಬ ತಾಯಿ...

ಐದು ವರ್ಷಗಳ ಹಿಂದೆ ಬಳ್ಳಾರಿಯ ಒಂದು ಮಕ್ಕಳ ಚಿಕಿತ್ಸಾ ಕೇಂದ್ರದಲ್ಲಿ ಪ್ರತಿ ಗುರುವಾರ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ನನ್ನ ಮಗಳಿಗೂ ಅವರ ಮಗನಿಗೂ ಆಗ ಎರಡು ವರ್ಷ. ಇಬ್ಬರಿಗೂ ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿತ್ತು. ಕಂಡದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಆಗುತ್ತದೆಯೇ ಎಂದು ತಿಳಿಯಲು ಅಲ್ಲಿನ ಟೀಚರ್ ಒಂದು ಆಟ ಆಡಿಸುತ್ತಿದ್ದರು. ಎರಡು ಸ್ಟೀಲ್ ಬಟ್ಟಲು ಬೋರಲು ಹಾಕಿ, ಮಗು ನೋಡುತ್ತಿರುವಂತೆಯೇ ಒಂದರ ಕೆಳಗೆ ರಬ್ಬರ್ ಬಾತುಕೋಳಿ ಇಡುವುದು, ಟವೆಲ್ ಅಡ್ಡ ಹಿಡಿದು ಐದರವರೆಗೆ ಎಣಿಸುವುದು, ಆಮೇಲೆ ಹುಡುಕಲು ಬಿಡುವುದು. ಕೆಲವು ದಿನ ತಲೆಗೆ ತಂತಿಗಳ ಟೋಪಿ ಹಾಕಿ, ಆ ಐದು ಎಣಿಕೆಯ ಹೊತ್ತಿನಲ್ಲಿ ಮಿದುಳು ಏನು ಮಾಡುತ್ತಿದೆ ಎಂದು ಕಂಪ್ಯೂಟರಿನ ಗೆರೆಗಳಲ್ಲಿ ನೋಡುತ್ತಿದ್ದರು.

ನನ್ನ ಮಗಳು ಎಣಿಕೆ ಮುಗಿಯುವಷ್ಟರಲ್ಲಿ ಬಾತುಕೋಳಿಯನ್ನು ಮರೆತು ಟವೆಲ್ ಎಳೆಯುತ್ತಿದ್ದಳು. ಅಕ್ಕನ ಮಗನಿಗೆ ಬಾತುಕೋಳಿ ಬೇಕೇ ಇರಲಿಲ್ಲ. ಹಾಗಾಗಿ ಟೀಚರನ್ನು ಕೇಳಿ ಅಕ್ಕ ಮನೆಯಿಂದ ಡಬ್ಬಿಯಲ್ಲಿ ಶೇಂಗಾ ಉಂಡಿ ತಂದರು. ಅಂದಿನಿಂದ ಅವನ ಕೈ ಒಮ್ಮೆಯೂ ತಪ್ಪಲಿಲ್ಲ.

"ಲೇ ರಾಜಾ, ಏನ್ ತಲಿಲೇ ನಿಂದು," ಎಂದು ಅಕ್ಕ ಮಗನ ಬಾಯಿ ಒರೆಸುತ್ತಿದ್ದರು. ನನ್ನ ಕೈಯ ನೋಟ್‌ಬುಕ್ ನೋಡಿ, "ಪೇಪರ್ ಮೇಡಂ, ಇದನ್ನೂ ಬರ್ಕೊಳ್ರಿ. ಮೊದಲನೇ ಪೇಜಿಗೇ ಹಾಕ್ರಿ," ಎನ್ನುತ್ತಿದ್ದರು. ನನ್ನ ಮಗಳ ಕೈಗೂ ಒಂದು ಉಂಡಿ ಕೊಡುತ್ತಿದ್ದರು.

ನಾನು ನಗುತ್ತಿದ್ದೆ. ಆದರೆ ಟೀಚರ್ ಅವನಿಗೆ ಹೇಳುವ "ಭೇಷ್" ಕೇಳಿ ಹೊಟ್ಟೆ ಉರಿಯುತ್ತಿತ್ತು. ಕಂಪ್ಯೂಟರಿನಲ್ಲಿ ಕಾಣುವ, ನನಗೆ ಓದಲು ಬಾರದ ಅವನ ಮಿದುಳಿನ ಗೆರೆಗಳ ಮೇಲೂ ಹೊಟ್ಟೆಕಿಚ್ಚು.

ಉಂಡಿ ತರಲು ಶುರುಮಾಡಿದ ನಾಲ್ಕನೆಯ ವಾರ ಒಂದು ವಿಷಯ ಗಮನಿಸಿದೆ. ಕೈ ಚಾಚುವ ಮೊದಲು ಹುಡುಗ ಬಾಗಿ, ಮೂಗನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದ. ಎರಡು ಕಡೆ ಖಚಿತವಾಗದೆ ಸುದ್ದಿ ಬಿಡಬಾರದೆಂಬುದು ನಮ್ಮ ಕಚೇರಿಯ ಪಾಠ. ಮುಂದಿನ ವಾರವೂ ನೋಡಿ, ಅಕ್ಕನ ಎದುರೇ ಹೇಳಿದೆ.

"ಟೀಚರ್, ಅವನು ವಾಸನಿ ಹಿಡಿದು ತೆಗೀತಾನ ಅನಿಸ್ತೈತ್ರಿ."

ಟೀಚರ್ ಉಂಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಇಟ್ಟರು. ಹುಡುಗ ಬಾಗಿದ, ಎರಡೂ ಬಟ್ಟಲು ಮೂಸಿದ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಮೂರು ಸಲವೂ ಹಾಗೆಯೇ.

ಬೆಂಚಿಗೆ ಬಂದು ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು. "ಹೇಳಿದ್ದು ಚಲೋ ಆತು ಬಿಡ್ರಿ. ಊರಾಗ ಎಲ್ಲಾರಿಗೂ ಹೇಳ್ಕೊಂಡು ಬಂದಿದ್ದೆ, ನನ್ನ ಮಗ ನೆನಪಿಟ್ಕೊಂತಾನಂತ..." ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಕೈ ನಿಂತಾಗ ನನಗಾದ ಸಮಾಧಾನವನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಮುಂದಿನ ಗುರುವಾರ ಅಕ್ಕ ಬರಲಿಲ್ಲ. ಆಮೇಲೂ ಬರಲಿಲ್ಲ. ಸಿರುಗುಪ್ಪದಲ್ಲಿ ಒಬ್ಬರನ್ನು ಹುಡುಕಲು ನನ್ನ ವೃತ್ತಿಯವರಿಗೆ ನಾಲ್ಕು ಫೋನ್ ಕರೆ ಸಾಕು. ನಾನು ಒಂದನ್ನೂ ಮಾಡಲಿಲ್ಲ...

ಕುರುಗೋಡಿನಿಂದ ತಂದ ಉಂಡಿಯೊಂದನ್ನು ಮೊನ್ನೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗಳ ಎದುರೇ ಎರಡು ಬಟ್ಟಲುಗಳಲ್ಲಿ ಎಡಗಡೆಯದರ ಕೆಳಗೆ ಇಟ್ಟೆ. ಅವಳಿಗೀಗ ಏಳು ವರ್ಷ, ಮಾತು ಇನ್ನೂ ಕಡಿಮೆ. ಟವೆಲ್ ಹಿಡಿದು ಐದರವರೆಗೆ ಎಣಿಸಿದೆ. ಅವಳು ಬಾಗಲಿಲ್ಲ, ಮೂಸಲಿಲ್ಲ. ಕೈ ನೇರವಾಗಿ ಎಡಗಡೆಯ ಬಟ್ಟಲಿಗೆ ಹೋಯಿತು. ಬಟ್ಟಲು ಬದಲಿಸಿ ಮತ್ತೆ ಇಟ್ಟೆ. ಮತ್ತೆ ಸಿಕ್ಕಿತು.

ಯಾರಿಗಾದರೂ ಹೇಳಬೇಕೆನಿಸಿತು. ಇದನ್ನು ಕೇಳಿ ಹೊಟ್ಟೆಕಿಚ್ಚಿಲ್ಲದೆ ನಗಬಲ್ಲವರು ಒಬ್ಬರಿದ್ದರು, ಆ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ.