ಸೈಲೆನ್ಸರಿನೊಳಗೆ ಕೈ ಹಾಕಿದ್ದು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ನೋಡಿ ಮಾಲು ಕೊಂಡವನು ಎರಡನೇ ವರ್ಷ ಅಂಗಡಿ ತೆರೆಯುವುದಿಲ್ಲ. ಬಾಯಿಯಲ್ಲಿ ಕೆಂಪಗೆ, ಉದ್ದಕ್ಕೆ, ಸುಕ್ಕುಸುಕ್ಕಾದ ಚೆಂದದ ಕಾಯಿ ಇರುತ್ತದೆ. ತಳದಲ್ಲಿ ಏನಿದೆ ಎಂಬುದು ಮೊಣಕೈವರೆಗೆ ಕೈ ತೂರಿಸಿದವನಿಗಷ್ಟೇ ಗೊತ್ತು. ನಾನು ಹದಿನೆಂಟನೇ ವಯಸ್ಸಿನಿಂದ ಹೀಗೆ ಕೈ ತೂರಿಸುತ್ತ ಬಂದವನು. ಕಾಯಿ ಮುರಿದು ಮೂಸುತ್ತೇನೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ತೂಕ ಬರಲೆಂದು ನೀರು ಹೊಡೆದಿದ್ದರೆ ಸುಮ್ಮನಿರುತ್ತದೆ. ಸುಮ್ಮನಿರುವ ಕಾಯಿಯನ್ನೂ ಸುಮ್ಮನಿರುವ ಮನುಷ್ಯನನ್ನೂ ನಾನು ನಂಬುವುದಿಲ್ಲ.

ಈ ಗುಣ ಪೇಟೆಗೆ ಸರಿ, ಮನೆಗೆ ಬೇಡ ಎಂದು ನನ್ನ ಹೆಂಡತಿ ಮದುವೆಯಾದ ಮೊದಲ ತಿಂಗಳೇ ಹೇಳಿದ್ದಳು. ಹಾಲು ತಂದವರ ಎದುರೇ ಹಾಲನ್ನು ಅಂಗೈಗೆ ಹಾಕಿಕೊಂಡು ನೋಡುವ ಗಂಡ ಯಾರಿಗೆ ಬೇಕು? ಅವಳು ರಾಣೆಬೆನ್ನೂರಿನ ಒಂದು ಬೀಜ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ನೂರು ಬೀಜವನ್ನು ಒದ್ದೆ ಕಾಗದದಲ್ಲಿ ಮಲಗಿಸಿ, ಕೆಲವು ದಿನ ಕಾದು, ಎಷ್ಟು ಮೊಳಕೆಯೊಡೆದವು ಎಂದು ಎಣಿಸುವುದು ಅವಳ ಕಸುಬು. ಅವಳು ಯಾರನ್ನೂ ಸಂಶಯಪಡುವುದಿಲ್ಲ, ಕಾಯುತ್ತಾಳೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಮನೆಯ ಹೊರಗೆ ನಾನು ತಳ ಮುಟ್ಟಿ ನೋಡದೆ ನಂಬಿದ್ದವರು ಒಬ್ಬರೇ, ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಮೋಟಾರ್ ಸೈಕಲ್ ಮೆಕ್ಯಾನಿಕ್. ಊರೆಲ್ಲ ಅವರನ್ನು ಉಸ್ತಾದ್ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಅವರ ಅಂಗಡಿಯ ಗೋಡೆಗೆ, ಸ್ಪ್ಯಾನರುಗಳ ಸಾಲಿನ ಮೇಲೆ, ಒಂದು ಮೊಳೆ ಇದೆ. ಹದಿನೈದು ವರ್ಷದಿಂದ ನನ್ನ ಗಾಡಿಯ ಎರಡನೇ ಕೀಲಿ ಆ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ನಾನು ರೈಲು ಹತ್ತಿ ದಾವಣಗೆರೆಯ ಕಡೆ ಹೋಗುವ ದಿನ ಗಾಡಿಯನ್ನು ರಾಣೆಬೆನ್ನೂರಿನ ಸ್ಟೇಷನ್ನಿನಲ್ಲಿ ನಿಲ್ಲಿಸುತ್ತೇನೆ. ಅವರು ಆ ಕೀಲಿ ತೆಗೆದುಕೊಂಡು ಹೋಗಿ, ಗಾಡಿ ತಂದು, ಮಾಡಬೇಕಾದ್ದು ಮಾಡಿ, ನಾನು ಇಳಿಯುವುದರೊಳಗೆ ಅದೇ ಜಾಗದಲ್ಲಿ ನಿಲ್ಲಿಸಿರುತ್ತಾರೆ. ಗಾಡಿಗಳು ಮೂರು ಬದಲಾದವು. ಮೊಳೆ ಬದಲಾಗಲಿಲ್ಲ.

ಈಗಿರುವುದು ಎರಡು ಸಿಲಿಂಡರಿನ, ದೂರ ಪ್ರಯಾಣದ ದೊಡ್ಡ ಗಾಡಿ. ಇಷ್ಟು ವರ್ಷ ಗೆಳೆಯರ ಜೊತೆ ತಿರುಗಿದೆ. ಕಳೆದ ಸಲ ತಿರುಗಾಡಿ ಬಂದಾಗ ಹೆಂಡತಿ ತಾನಾಗಿಯೇ, "ಒಂದ್ ಸಲ ನಾನೂ ಬರ್ತೀನಿ. ಗೋಕರ್ಣದ ತನಕ. ನಡುವ ಎಲ್ಲೆರ ಗಾಡಿ ಕೈ ಕೊಟ್ರ ಮತ್ತ ಕರೀಬ್ಯಾಡ್ರಿ" ಅಂದಳು. ನನಗೆ ಹಿಗ್ಗೋ ಹಿಗ್ಗು. ಆದರೆ ಇಬ್ಬರು ಕುಳಿತು, ಎರಡೂ ಬದಿಗೆ ಪೆಟ್ಟಿಗೆ ಕಟ್ಟಿಕೊಂಡು ಹೆದ್ದಾರಿಗೆ ಇಳಿದರೆ, ಲಾರಿ ಹಿಂದಿಕ್ಕುವಾಗ ಗಾಡಿ ಏದುಸಿರು ಬಿಡುತ್ತಿತ್ತು. ಅದಕ್ಕೊಂದಿಷ್ಟು ಬಲ ಬೇಕಿತ್ತು. ಉಸ್ತಾದರನ್ನು ಕೇಳಿದೆ. ಇಂಟರ್ನೆಟ್ಟಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ: ಇಂಜಿನ್ನೊಳಗಿನ ಕ್ಯಾಮ್ ಬದಲಿಸೋಣ, ದೊಡ್ಡ ಸದ್ದಿನ ಸೈಲೆನ್ಸರ್ ಹಾಕೋಣ, ಅದೂ ಇದೂ.

ಅವರು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

"ರೇಸಿಗೆ ಹೊಂಟೀರೇನ್ರಿ ಸಾವ್ಕಾರ್ರ? ಹಿಂದ ಅಕ್ಕಾರು ಕುಂಡ್ರೋರು. ನಿಮಗ ಮ್ಯಾಲಿನ ಸ್ಪೀಡಿನ ಜೋರು ಬ್ಯಾಡ, ನಡುವಿನ ಸ್ಪೀಡಿನ್ಯಾಗ ಎಳತ ಬೇಕು. ಕ್ಯಾಮಿಗೆ ಕೈ ಹಚ್ಚೂದ ಬ್ಯಾಡ. ಸೈಲೆನ್ಸರ್, ಏರ್ ಫಿಲ್ಟರ್, ಪೆಟ್ರೋಲ್ ಹೊಡಿಯೂ ಕಂಪ್ಯೂಟರಿನ ಟ್ಯೂನಿಂಗ್, ಇವು ಮೂರು ಸಾಕು. ಮೂರೂ ಒಬ್ಬರ ಕಡೇವು, ಒಂದಕ್ಕೊಂದು ಹೊಂದಿಸಿ ಮಾಡಿದ್ದು ತರಸ್ತೀನಿ. ಪೊಲೀಸ್ರೂ ಹಿಡೀಬಾರ್ದು, ಓಣಿ ಮಂದೀನೂ ಬೈಬಾರ್ದು, ಅಂಥಾ ಸಪ್ಪಳದ್ದು."

"ಮೊದಲ ಬರೇ ಸೈಲೆನ್ಸರ್ ಹಾಕಿ ನೋಡೂಣಲ್ಲ?"

"ಮೂರೂ ಒಮ್ಮೆಲೇ ಹಾಕಬೇಕ್ರಿ. ಇಲ್ಲಂದ್ರ ಒಂದೂ ಬ್ಯಾಡ. ಕಂಪನಿದು ಹ್ಯಾಂಗೈತಿ ಹಂಗ ಬಿಡ್ರಿ."

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಪೇಟೆಯಲ್ಲಿ 'ಎಲ್ಲಾ ಕೂಡಿ ತಗೋರಿ, ಬಿಡಿ ಕೊಡಂಗಿಲ್ಲ' ಅಂದವನ ರಾಶಿಯಲ್ಲಿ ಒಂದು ಚೀಲ ಖಂಡಿತ ಕೆಟ್ಟಿರುತ್ತದೆ. ಆ ಒಂದನ್ನು ದಾಟಿಸಲಿಕ್ಕೇ ಒಳ್ಳೆಯ ಹತ್ತನ್ನು ಜೊತೆಗಿಟ್ಟಿರುತ್ತಾರೆ. ಇದು ನನಗೆ ಯಾರೂ ಕಲಿಸಿದ ಪಾಠವಲ್ಲ, ಸುಟ್ಟುಕೊಂಡು ಕಲಿತದ್ದು. ಅದರಲ್ಲೂ ಆ ಮೂರನೆಯದು, ಟ್ಯೂನಿಂಗ್. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಮೂಸಿ ನೋಡಲು ಬರುವುದಿಲ್ಲ. ಲ್ಯಾಪ್‌ಟಾಪಿನಿಂದ ಗಾಡಿಯೊಳಗೆ ಹೋಗುತ್ತದಂತೆ. ಕೈ ತೂರಿಸಲಾಗದ ಚೀಲವನ್ನು ನಾನು ಕೊಳ್ಳುವುದು ಹೇಗೆ? ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಉಸ್ತಾದರೂ ಕಡೆಗೆ ವ್ಯಾಪಾರಸ್ಥರೇ ಎಂದು ಮನಸ್ಸು ಹೇಳಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಹಾಗೆ ಹೇಳಿತು.

ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಸೀದಾ ಹಾವೇರಿಗೆ ಹೋದೆ.

ಹಾವೇರಿಯ ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರಲ್ಲಿ ಒಂದು ಜೊತೆ ಸೈಲೆನ್ಸರ್ ಹಿಡಿಸಿದವು. ಹೊರಗೆ ಥಳಥಳ ಹೊಳೆಯುತ್ತಿದ್ದವು, ಅಂದರೆ ನನಗೆ ಅದು ಚೀಲದ ಬಾಯಿ. ಹಿಂದಿನ ಮುಚ್ಚಳ ಬಿಚ್ಚಿಸಿದೆ. ಒಳಗೆ ಸದ್ದು ತಡೆಯಲು ಬಿಳಿ ಹತ್ತಿಯಂಥದ್ದು ತುಂಬಿರುತ್ತದೆ. ತುದಿಗೆ ಮಾತ್ರ ತುಂಬಿ ಒಳಗೆ ಪೊಳ್ಳು ಬಿಟ್ಟಿದ್ದರೆ? ಅಂಗಡಿಯವನು "ಬ್ಯಾಡ್ರಿ, ಬ್ಯಾಡ್ರಿ" ಅನ್ನುವಷ್ಟರಲ್ಲಿ ನಾಲ್ಕು ಬೆರಳು ತೂರಿಸಿ ಆಳ ನೋಡಿಬಿಟ್ಟಿದ್ದೆ. ಪೂರ್ತಿ ತುಂಬಿತ್ತು. ಆದರೆ ಅದು ಹತ್ತಿಯಲ್ಲ, ಗಾಜಿನ ನಾರು. ಜೀವಮಾನವೆಲ್ಲ ಬರಿಗೈಯಲ್ಲಿ ಮೆಣಸಿನಕಾಯಿ ಕಲಸಿದರೂ ಉರಿಯದ ಕೈ ಆವತ್ತಿನಿಂದ ಎರಡು ದಿನ ತುರಿಸಿತು. ಊಟಕ್ಕೆ ಕುಳಿತಾಗ ಹೆಂಡತಿ ನೋಡಿ, ಕೊಬ್ಬರಿ ಎಣ್ಣೆಯ ಬಾಟಲಿ ತಂದು ಮುಂದಿಟ್ಟಳು.

ಫಿಲ್ಟರನ್ನು ಬೇರೆ ಕಡೆಯಿಂದ ಪಾರ್ಸೆಲ್ ತರಿಸಿದೆ. ಒಬ್ಬನ ಹತ್ತಿರವೇ ಎಲ್ಲ ಕೊಂಡರೆ ತಾನೇ ಮೋಸ? ಹಾವೇರಿಯವನೇ ಎರಡನ್ನೂ ಜೋಡಿಸಿಕೊಟ್ಟ. ಕಣ್ಣಿಗೆ ಕಾಣದ ಟ್ಯೂನಿಂಗ್ ಗೊಡವೆಗೆ ನಾನು ಹೋಗಲಿಲ್ಲ. ನನ್ನಂಥ ಜಾಣ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಪರೀಕ್ಷೆಗೆ ಹೊರಟೆ. ಬ್ಯಾಡಗಿಯಿಂದ ಮೋಟೆಬೆನ್ನೂರು, ಅಲ್ಲಿಂದ ಹೆದ್ದಾರಿ ಹಿಡಿದು ಹಾವೇರಿ, ಮತ್ತೆ ವಾಪಸು. ಊರು ದಾಟುವಷ್ಟರಲ್ಲೇ ಗಾಡಿ ಬೇರೆ ಭಾಷೆ ಮಾತಾಡತೊಡಗಿತು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಹಿಂದಿನಿಂದ ಪಟ್ ಪಟ್ ಎಂದು ಪಟಾಕಿ. ನಾಯಿಗಳು ಬೆನ್ನಟ್ಟಿದವು. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಬಲಕ್ಕೆ ಬಂದು ಕೈ ತಿರುವಿದೆ. ಗಾಡಿ ಮುಂದೆ ಹೋಗುವ ಬದಲು ಒಂದು ಕ್ಷಣ ಬಿಕ್ಕಳಿಸಿ ನಿಂತಂತಾಯಿತು. ಹಿಂದಿನಿಂದ ಬಸ್ಸಿನ ಹಾರ್ನ್. ಹೆಂಡತಿಯ ಬೆರಳು ನನ್ನ ಭುಜದಲ್ಲಿ ನೆಟ್ಟವು. ಹೇಗೋ ಎಡಕ್ಕೆ ಸರಿದೆ. ಕಾಲ ಬಳಿ ಇಂಜಿನ್ ಒಲೆಯಂತೆ ಕಾಯುತ್ತಿತ್ತು. ಹಾವೇರಿಯ ತನಕ ಹೋಗಲಿಲ್ಲ, ತಿರುಗಿಸಿದೆ. ಮೋಟೆಬೆನ್ನೂರಿನಲ್ಲಿ ಅವಳು ಇಳಿದಳು.

"ನಾ ಬಸ್ಸಿಗೆ ಬರ್ತೀನಿ."

"ಇಷ್ಟರಾಗ ಏನಾತು?"

"ನಾವು ಬೀಜ ಪಾಸ್ ಮಾಡೂಮುಂದ ಒಂದ ಲಾಟಿನ ನೂರು ಬೀಜ ಒಂದ ಕಾಗದದಾಗ ಇಡ್ತೀವಿ. ನೀವು ಹತ್ತು ಅಂಗಡಿ ಬೀಜ ಕೂಡಿಸಿ ಬಿತ್ತಿ, ಮೊಳಕಿ ಬರಲಿಲ್ಲಂತ ಹೊಲಕ್ಕ ಬೈತೀರಿ. ಉಸ್ತಾದ್ರು ಏನ್ ಹೇಳಿದ್ರು ಅಂತ ನಂಗ ಹೇಳೀರೇನು?"

ಹೇಳಿರಲಿಲ್ಲ. ಬಸ್ಸು ಬಂತು, ಹತ್ತಿ ಹೋದಳು. ನಾನು ಹಿಂದೆ ಹಿಂದೆ ಪಟಾಕಿ ಹಾರಿಸುತ್ತ ಮನೆ ಸೇರಿದೆ.

ಇನ್ನು ಉಸ್ತಾದರ ಹತ್ತಿರ ಹೋಗದೆ ಗತಿಯಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಸ್ಥಿತಿ ಅದಕ್ಕಿಂತ ಕಡೆಯಾಯಿತು. ಅವರ ಮಾತು ಮೀರಿ ಬೇರೆಯವರ ಹತ್ತಿರ ಹೋಗಿದ್ದವನು ನಾನು. ಅವರಿಗೆ ಸಿಟ್ಟು ಬಾರದೇ ಇರುತ್ತದೆಯೇ? ಸಿಟ್ಟು ಬಂದವರು ಗಾಡಿಯ ಒಳ್ಳೆಯ ಸಾಮಾನು ಬಿಚ್ಚಿಕೊಂಡು ಹಳೆಯದನ್ನು ಕೂರಿಸಿದರೆ ನನಗೆ ತಿಳಿಯುವುದು ಹೇಗೆ? ತಪ್ಪು ನನ್ನದು, ಸಂಶಯ ಅವರ ಮೇಲೆ. ಆವತ್ತು ಮಧ್ಯಾಹ್ನ ಅಂಗಡಿಯಿಂದ ಕೆಂಪು ಬಣ್ಣದ ಡಬ್ಬಿ ತಂದೆ. ನಮ್ಮಲ್ಲಿ ಮಾಲು ಹೊರಗೆ ಕಳಿಸುವಾಗ ಪ್ರತಿ ಚೀಲಕ್ಕೂ ಅಂಗಡಿಯ ಮಾರ್ಕು ಹಾಕುತ್ತೇವೆ, ದಾರಿಯಲ್ಲಿ ಅದಲುಬದಲಾಗದಿರಲಿ ಎಂದು. ನನ್ನ ಅಂಗಡಿಯದು ಒಂದು ಚುಕ್ಕೆ, ಅದರ ಕೆಳಗೊಂದು ಗೀಟು. ಸಣ್ಣ ಕಡ್ಡಿಯಿಂದ ಬ್ಯಾಟರಿಗೆ, ಪ್ಲಗ್ಗಿಗೆ, ಚೈನಿಗೆ, ಬ್ರೇಕಿಗೆ, ಸೈಲೆನ್ಸರಿಗೆ, ಎಲ್ಲಕ್ಕೂ ಚುಕ್ಕೆ, ಗೀಟು. ಯಾರಿಗೂ ಕಾಣಬಾರದ ಮೂಲೆಗಳಲ್ಲಿ ಹಾಕಿದೆ.

ಸೋಮವಾರ ಗಾಡಿ ಒಯ್ದೆ. ಉಸ್ತಾದರು ಸದ್ದು ಕೇಳಿಯೇ ಎದ್ದು ಹೊರಗೆ ಬಂದರು.

"ಟ್ಯೂನಿಂಗ್ ಬಿಟ್ಟೀರಿ," ಅಂದರು. ಬೈಯಲಿಲ್ಲ. "ಸಾವ್ಕಾರ್ರ, ಖಾರದಪುಡಿ ಮಾಡೂಮುಂದ ಬಣ್ಣಕ್ಕ ನಿಮ್ಮ ಬ್ಯಾಡಗಿ ಕಾಯಿ, ಖಾರಕ್ಕ ಗುಂಟೂರ ಕಾಯಿ. ಎರಡೂ ನೀವ ನಿಂತು ಅಳತಿ ಹಚ್ಚಿ ಕೂಡಸ್ತೀರಲ್ಲ? ಇದೂ ಹಂಗರಿ. ಗಾಳಿ ಹೆಚ್ಚ ಬಿಟ್ರಿ, ಪೆಟ್ರೋಲ್ ಮೊದಲಿನಷ್ಟ ಐತಿ. ಇಂಜಿನ್ ಒಣಾ ಸುಡಾಕತ್ತೈತಿ. ನಾ ಹೇಳಿದ್ದ ಮೂರೂ ತರಿಸಿ ಹಾಕ್ತೀನಿ, ಶುಕ್ರವಾರ ಮಧ್ಯಾಹ್ನ ಬರ್ರಿ."

ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಸುಮ್ಮನಿರುವವರನ್ನು ನಾನು ನಂಬುವುದಿಲ್ಲವಲ್ಲ.

ಬುಧವಾರ ಫೋನ್ ಬಂತು. "ಸಾವ್ಕಾರ್ರ, ಗಾಡಿ ತುಂಬ ಕೆಂಪು ಚುಕ್ಕಿ ಅದಾವು. ಇದೇನು ಕಂಪನಿದೋ, ಹಾವೇರಿಯವರದೋ?"

ಹಾವೇರಿಯವನ ತಲೆಗೆ ಕಟ್ಟಿಬಿಡಬಹುದಿತ್ತು. ಬಾಯಿ ಬರಲಿಲ್ಲ. "ನಂದರಿ ಉಸ್ತಾದ್. ಮಾಲು ಕಳಸೂಮುಂದ ಹಾಕೂ ರೂಢಿ," ಅಂದೆ.

ಆ ಕಡೆ ಸ್ಪ್ಯಾನರೊಂದನ್ನು ಕೆಳಗಿಟ್ಟ ಸದ್ದಾಯಿತು.

"ಆತ್ರಿ," ಅಂದರು, ಫೋನ್ ಇಟ್ಟರು.

ಪೇಟೆಯಲ್ಲಿ ಮಾರ್ಕು ಹಾಕಿದರೆ ಯಾರಿಗೂ ಅವಮಾನವಿಲ್ಲ. ಹಾಕದವನೇ ದಡ್ಡ. ಅದನ್ನೇ ರಾಣೆಬೆನ್ನೂರಿನ ಸ್ಟೇಷನ್ ರಸ್ತೆಗೆ ಒಯ್ದಿದ್ದೆ. ಆಗ ನನಗೆ ಭಯವಾಯಿತು. ಈ ಮನುಷ್ಯ ಕೈ ತಪ್ಪಿದರೆ ಹೋಗಿ ನಂಬಲು ನನಗೆ ಇನ್ನೊಬ್ಬರಿಲ್ಲ.

ಶುಕ್ರವಾರ ಮಧ್ಯಾಹ್ನ ಹೋದಾಗ ಉಸ್ತಾದರು ನಮಾಜಿಗೆ ಹೋಗಿದ್ದರು. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಗಾಡಿ ಹೊರಗೆ ನಿಂತಿತ್ತು, ನಾನು ಕೊಟ್ಟಿದ್ದ ಕೀಲಿ ಪಕ್ಕದ ಚಹಾ ಅಂಗಡಿಯಲ್ಲಿತ್ತು. ಹಿಂದಿನ ಸೀಟಿಗೆ ಒಂದು ಗೋಣಿಚೀಲ ಕಟ್ಟಿದ್ದರು. ಎಂದೂ ಹೀಗೆ ಮಾಡಿದವರಲ್ಲ, ಕಾದು ಕೂತು ಚಹಾ ಕುಡಿಸಿಯೇ ಕಳಿಸುವವರು. ಬೇಕೆಂದೇ ಆ ಹೊತ್ತಿಗೆ ಬರಹೇಳಿದ್ದರೇ? ಮತ್ತೆ ಅದೇ ಸಂಶಯ.

ಗಾಡಿ ಮಾತ್ರ ಬೇರೆಯೇ ಗಾಡಿಯಾಗಿತ್ತು. ಸದ್ದು ದಪ್ಪಗೆ, ಮೆತ್ತಗೆ. ಪಟಾಕಿ ಇಲ್ಲ, ಬಿಕ್ಕಳಿಕೆ ಇಲ್ಲ. ಹೆದ್ದಾರಿಯಲ್ಲಿ ಕೈಯನ್ನು ಒಂದು ನೂಲಿನಷ್ಟು ತಿರುವಿದರೆ ಸಾಕು, ಲಾರಿ ಹಿಂದೆ ಉಳಿಯುತ್ತಿತ್ತು. ನಡುವಿನ ಎಳೆತ ಅಂದರೆ ಏನೆಂದು ಆಗ ತಿಳಿಯಿತು. ಬ್ಯಾಡಗಿ ಮುಟ್ಟುವವರೆಗೆ ಖುಷಿಯಲ್ಲಿ ಹಾಡಿಕೊಂಡೇ ಬಂದೆ.

ಮನೆಯ ಅಂಗಳದಲ್ಲಿ ಚೀಲ ಬಿಚ್ಚಿದೆ. ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿಯಲ್ಲಿ ಹಾವೇರಿಯ ಸೈಲೆನ್ಸರುಗಳು, ಫಿಲ್ಟರು, ಕಾದು ಹಾಳಾಗಿದ್ದ ಎರಡು ಪ್ಲಗ್ಗು. ಮಾರ್ಕು ಇದ್ದದ್ದೆಲ್ಲ, ಮಾರ್ಕು ಮೇಲೆ ಕಾಣುವಂತೆ ಜೋಡಿಸಿಟ್ಟಿದ್ದರು. ಒಂದೂ ತಪ್ಪಿರಲಿಲ್ಲ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಕೈ ನಿಲ್ಲಲಿಲ್ಲ, ಮೊಣಕೈವರೆಗೆ ಇಳಿದು ತಳ ಮುಟ್ಟಿತು. ಅಲ್ಲಿ ಕಾಗದದಲ್ಲಿ ಸುತ್ತಿದ ಏನೋ ಒಂದು ಸಿಕ್ಕಿತು. ಬಿಚ್ಚಿದರೆ, ಮೊಳೆಯಲ್ಲಿದ್ದ ನನ್ನ ಎರಡನೇ ಕೀಲಿ.

ನನ್ನ ಕೈ ಅಲ್ಲಿಯವರೆಗೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ನನಗೆ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ. ಹೆಂಡತಿ ಬಂದು ಕೀಲಿ ನೋಡಿದಳು, ಚುಕ್ಕೆ ಗೀಟುಗಳನ್ನೂ ನೋಡಿದಳು. ನಾನು ಎಲ್ಲ ಹೇಳಿದೆ.

"ಗಾಡಿ ಪಾಸಾಗೇತಿ," ಅಂದಳು. "ನೀವ ಆಗಿಲ್ಲ. ಗೋಕರ್ಣ ಆಮ್ಯಾಲ. ನಾಳೆ ಮೊದಲ ರಾಣೆಬೆನ್ನೂರಿಗೆ ನಡೀರಿ, ನಾನೂ ಬರ್ತೀನಿ."

ಮರುದಿನ ಇಬ್ಬರೂ ಅದೇ ಗಾಡಿಯ ಮೇಲೆ ಹೋದೆವು. ದಾರಿಯುದ್ದಕ್ಕೂ ಅವಳ ಬೆರಳು ಭುಜದ ಮೇಲೆ ಹಗುರವಾಗಿದ್ದವು. ಉಸ್ತಾದರು ಯಾರದೋ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಹೆಂಡತಿಯನ್ನು ನೋಡಿ, "ಬರ್ರಿ ಅಕ್ಕಾರ, ಕುಂದ್ರಿ," ಅಂದು ಸ್ಟೂಲು ಸರಿಸಿದರು. ನನಗೆ ಬರ್ರಿ ಅನ್ನಲಿಲ್ಲ.

"ಉಸ್ತಾದ್, ತಪ್ಪಾತು," ಅಂದೆ. ಇಂಥ ಮಾತು ನನ್ನ ಬಾಯಿಂದ ಹೆಚ್ಚು ಸಲ ಬಂದಿಲ್ಲ, ಸರಿಯಾಗಿ ಬರಲೂ ಇಲ್ಲ. ಕೀಲಿಯನ್ನು ನಾನೇ ಹೋಗಿ ಮೊಳೆಗೆ ಹಾಕಿದೆ.

ಅವರು ಎದ್ದು ಬಂದರು. ಕೀಲಿಯನ್ನು ಮೊಳೆಯಿಂದ ತೆಗೆದರು. ತೆಗೆದುಕೊಂಡು ಬೆಳಕಿಗೆ ಹಿಡಿದು, ಈ ಬದಿ ಆ ಬದಿ ನಿಧಾನವಾಗಿ ತಿರುಗಿಸಿ ನೋಡಿದರು.

"ಇದಕ್ಕ ಮಾರ್ಕು ಹಾಕಿಲ್ಲೇನ್ರಿ?" ಅಂದರು.

ಹೆಂಡತಿ ನೆಲ ನೋಡಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಇನ್ನೂ ಒಂದು ಕ್ಷಣ ಕೀಲಿಯನ್ನು ಹಿಡಿದುಕೊಂಡೇ ಇದ್ದು, ಮತ್ತೆ ಮೊಳೆಗೆ ಹಾಕಿ, ಚಹಾಕ್ಕೆ ಕೂಗಿದರು.

ಗೋಕರ್ಣಕ್ಕೆ ಹೋಗಿ ಬಂದೆವು. ಗಾಡಿ ಎಲ್ಲಿಯೂ ಕೈ ಕೊಡಲಿಲ್ಲ. ಆದರೆ ಈಗ ರಾಣೆಬೆನ್ನೂರಿಗೆ ಹೋದಾಗಲೆಲ್ಲ, ಉಸ್ತಾದರ ಮುಖ ನೋಡುವ ಮೊದಲು, ನನ್ನ ಕಣ್ಣು ಆ ಮೊಳೆಯ ಮೇಲೆ ಹೋಗುತ್ತದೆ, ಕೀಲಿ ಇನ್ನೂ ಅಲ್ಲಿದೆಯೇ ಎಂದು.