ಅತ್ತೆಯ ಗ್ಯಾಸು, ಸೊಸೆಯ ಸಿಲಿಂಡರು

ಹೋದ ಬುಧವಾರ ಶಾಲೆಗೆ ರಜೆ ಹಾಕಿದೆ. ಅರ್ಜಿಯಲ್ಲಿ ‘ಜ್ವರ’ ಎಂದು ಬರೆದೆ. ನಿಜವಾದ ಕಾರಣ ಸಿಲಿಂಡರು.

(ನಮ್ಮ ಹೆಡ್‌ಮಾಸ್ಟರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯ ನನಗಿದೆ.)

ಲಾರಿ ಮುಷ್ಕರವೋ, ಎಲ್ಲೋ ಸಮುದ್ರದಾಚೆಯ ಜಗಳವೋ, ಅಂತೂ ಮೂರು ವಾರದಿಂದ ನಮ್ಮ ಹಗರಿಬೊಮ್ಮನಹಳ್ಳಿಗೆ ಗ್ಯಾಸಿಲ್ಲ. ಗೋಡೌನಿನ ಮುಂದೆ ಖಾಲಿ ಸಿಲಿಂಡರುಗಳದ್ದೇ ಪಾಳಿ. ಬಿಸಿಲಲ್ಲಿ ಸಿಲಿಂಡರುಗಳು ನಿಂತಿರುತ್ತವೆ, ಬೇವಿನ ಮರದ ನೆರಳಲ್ಲಿ ನಾವು ಕೂತಿರುತ್ತೇವೆ. ಮಧ್ಯಾಹ್ನ ಒಂದರ ಹೊತ್ತಿಗೆ ಒಳಗಿಂದ ಸುದ್ದಿ ಬಂತು: ಲೋಡು ಇವತ್ತೂ ಇಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನಮ್ಮ ಹಿಂದಿನ ಓಣಿಯವಳು. ಎದ್ದು ಸೀರೆ ಕೊಡವಿಕೊಳ್ಳುತ್ತಾ ಕೇಳಿದಳು: “ಟೀಚರಮ್ಮ, ನಿಮ್ಮನ್ಯಾಗ ಗೋಬರ್ ಗ್ಯಾಸ್ ಇತ್ತಲ್ರಿ? ಕೊಟ್ರಮ್ಮಾರು ನಮಗೆಲ್ಲ ಕರದು ತೋರಿಸಿದ್ರು. ಅದೇನಾತ್ರಿ?”

“ಕೆಟ್ಟು ಹೋತವ್ವ” ಎಂದೆ.

ಸುಳ್ಳು. ಅದು ಕೆಟ್ಟಿರಲಿಲ್ಲ. ನಾನು ಕೆಡಿಸಿದ್ದೆ.

ಕೊಟ್ರಮ್ಮ ನಮ್ಮತ್ತೆ. ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಹಸಿ ಕಟ್ಟಿಗೆಯ ಹೊಗೆ ಕುಡಿದವರು. ಒಮ್ಮೆ ತವರೂರು ಕೋಗಳಿಗೆ ಹೋದಾಗ ಅಣ್ಣನ ಮನೆಯಲ್ಲಿ ಸಗಣಿಯಿಂದ ಒಲೆ ಉರಿಯುವುದನ್ನು ನೋಡಿದರಂತೆ. ಬಗ್ಗಿ ನೋಡಿದರಂತೆ, ಮೂಸಿ ನೋಡಿದರಂತೆ. ಹೊಗೆಯಿಲ್ಲ, ಮಸಿಯಿಲ್ಲ, ವಾಸನೆಯಿಲ್ಲ. ಮನೆಗೆ ಬಂದವರೇ ನಮಗೂ ಬೇಕು ಎಂದರು. ಮಾವನವರು ನಕ್ಕರು. ಅತ್ತೆ ಅವರೊಂದಿಗೆ ಮಾತು ಬಿಟ್ಟರು. ನಾಲ್ಕನೇ ದಿನ ಹಿತ್ತಲಲ್ಲಿ ಗುಂಡಿ ತೋಡಲು ಮೇಸ್ತ್ರಿ ಹನುಮಂತಪ್ಪ ಬಂದ!

ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ಮು ಮನೆಯ ಒಬ್ಬ ಸದಸ್ಯನಂತಿತ್ತು. ಗ್ಯಾಸು ತುಂಬಿದರೆ ಮೇಲೇಳುತ್ತಿತ್ತು, ಖರ್ಚಾದರೆ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅತ್ತೆ ಅದರ ಮುಖ ನೋಡುತ್ತಿದ್ದರು. “ಇವತ್ತು ಚಲೋ ಎದ್ದೈತಿ, ಹೋಳಿಗಿ ಮಾಡೋಣು” ಎನ್ನುತ್ತಿದ್ದರು. ಚಳಿಗಾಲದಲ್ಲಿ ಅರ್ಧಕ್ಕೇ ನಿಂತರೆ, “ಪಾಪ, ಥಂಡಿ ಆಗೈತಿ ಅದಕ್ಕ.”

ಎರಡು ಎಮ್ಮೆ. ದಿನಾ ಬೆಳಿಗ್ಗೆ ಸಗಣಿಗೆ ಅಷ್ಟೇ ನೀರು ಹಾಕಿ, ಮೊಣಕೈವರೆಗೆ ಕೈಯಿಟ್ಟು, ಕಡ್ಡಿ ಕಲ್ಲು ಆರಿಸಿ ಕಲಸುವುದು ಅತ್ತೆಯ ಕೆಲಸ. ಗುಂಡಿಯಿಂದ ಹೊರಬಂದ ಗೊಬ್ಬರ ಹಡಗಲಿಯಿಂದ ತಂದು ನೆಟ್ಟ ಮಲ್ಲಿಗೆ ಗಿಡಗಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಡ್ರಮ್ಮಿಗೆ ಕರಿ ಬಣ್ಣ. ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ಅತ್ತೆ ಕಡ್ಡಿ ಗೀರಿ ಒಲೆ ಹಚ್ಚಿ, ನೀಲಿ ಉರಿ ಎದ್ದಾಗ ಅವರ ಮುಖಗಳನ್ನು ನೋಡುತ್ತಿದ್ದರು. ಅದನ್ನು ನೋಡಿಯೇ ಇನ್ನೂ ಎರಡು ಮನೆಯವರು ಕಟ್ಟಿಸಿಕೊಂಡರು.

ಇಷ್ಟು ಚೆನ್ನಾಗಿದ್ದದ್ದು ಹಾಳಾಗಲು ಎಷ್ಟು ಹೊತ್ತು ಬೇಕು? ಒಂದು ಊಟದ ಹೊತ್ತು ಸಾಕು.

ನನಗೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದ ಹೊಸದು. ಸಹೋದ್ಯೋಗಿಗಳನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಅವರಲ್ಲಿ ದಾವಣಗೆರೆಯಿಂದ ವರ್ಗವಾಗಿ ಬಂದ ಇಂಗ್ಲಿಷ್ ಮೇಡಂ ಒಬ್ಬರಿದ್ದರು. ಊಟದ ನಡುವೆ ಪಾಯಸ ಚೆಲ್ಲಿದ ಕೈ ತೊಳೆಯಲು ಹಿತ್ತಲಿಗೆ ಹೋದವರು ಡ್ರಮ್ಮು ನೋಡಿ ಬಂದರು. ಮತ್ತೆ ಎಲೆಯ ಮುಂದೆ ಕೂತು ಮೆಲ್ಲಗೆ ಕೇಳಿದರು: “ಅಡುಗೆ ಎಲ್ಲಾ ಆ ಸಗಣಿ ಗ್ಯಾಸಲ್ಲೇ ಮಾಡ್ತೀರಾ? ವಾಸನೆ ಬರಲ್ವಾ?”

ಅಲ್ಲಿಯವರೆಗೆ ಶಾವಿಗೆ ಪಾಯಸ ಹೊಗಳುತ್ತಿದ್ದ ಮೇಡಂ ಬಟ್ಟಲು ಪಕ್ಕಕ್ಕೆ ಸರಿಸಿದರು.

ಆಗ ನಾನು ಏನು ಹೇಳಬೇಕಿತ್ತು? ಬನ್ನಿ ಮೇಡಂ, ಒಲೆ ಹಚ್ಚಿ ತೋರಿಸ್ತೀನಿ, ಮೂಸಿ ನೋಡಿ ಎನ್ನಬೇಕಿತ್ತು. ನಾನು ನಕ್ಕೆ. “ಏನ್ಮಾಡೋದು ಮೇಡಂ, ನಮ್ಮತ್ತೆ ಹಳೇ ಕಾಲದವರು. ಬಿಡೋದಿಲ್ಲ ಅಂತಾರೆ” ಎಂದೆ.

ಅತ್ತೆ ಅನ್ನದ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

ಹಳೇ ಕಾಲದವರು! ಇಡೀ ಓಣಿಗೇ ಮೊದಲು ಹೊಸದನ್ನು ತಂದವರು. ಗಂಡನನ್ನು ಎದುರು ಹಾಕಿಕೊಂಡು ತಂದವರು. ಅವರಿಗೆ ಆ ಮಾತು.

ಅವರು ಸಿಟ್ಟಾಗಲಿಲ್ಲ. ಎಲ್ಲರಿಗೂ ಅನ್ನ ಬಡಿಸಿದರು, ಮೇಡಂಗೆ ತುಪ್ಪವನ್ನೂ ಹಾಕಿದರು. ಸಂಜೆ ನನ್ನನ್ನು ಕರೆದು ಇಷ್ಟೇ ಹೇಳಿದರು: “ನಿನಗ ನಾಚಿಕಿ ಆಗ್ತಿದ್ರ ಬ್ಯಾಡ ಬಿಡವ್ವ. ನಾಕು ಮಂದಿ ಬರೋ ಮನಿ. ಸಿಲಿಂಡರಿಗೆ ಹೆಸರು ಹಚ್ಚಸ್ರಿ.”

ಹಚ್ಚಿಸಿದೆವು. ಕೆಲವು ತಿಂಗಳಿಗೆ ಕೆಂಪು ಸಿಲಿಂಡರು ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಳಗೆ ತೆಗೆದುಕೊಂಡವರೂ ಅತ್ತೆಯೇ. ನಾನು ಖುಷಿಯಲ್ಲಿದ್ದೆ, ಅವರ ಮುಖ ನೋಡಲಿಲ್ಲ.

ಮುಂದಿನದೆಲ್ಲ ತಾನಾಗಿಯೇ ನಡೆಯಿತು. ಸಗಣಿ ಬೇಡವೆಂದ ಮೇಲೆ ಎಮ್ಮೆ ಯಾಕೆ ಎಂದರು ನನ್ನ ಗಂಡ. ಚಿಗಟೇರಿಯವರೊಬ್ಬರು ಬಂದು ಎರಡನ್ನೂ ಕೊಂಡು ಹೊಡೆದುಕೊಂಡು ಹೋದರು. ಅವತ್ತು ಅತ್ತೆ ಹಿತ್ತಲಿಗೇ ಬರಲಿಲ್ಲ. ಮನೆಗೆ ಪಾಕೀಟು ಹಾಲು ಬಂತು. ಮಲ್ಲಿಗೆ ಒಣಗಿತು. ಟೀಚರಮ್ಮನ ಮನೆಯಲ್ಲೇ ಬಿಟ್ಟರಲ್ಲ, ನಮಗ್ಯಾಕೆ ಎಂದು ಆ ಎರಡು ಮನೆಯವರೂ ಗುಂಡಿ ಮುಚ್ಚಿದರು. ಮೂರು ಮನೆಯ ಒಲೆಗಳು ಎಮ್ಮೆಯನ್ನು ಬಿಟ್ಟು, ಹೆಸರೂ ಗೊತ್ತಿಲ್ಲದ ಮರಳುಗಾಡಿನ ಎಣ್ಣೆ ಬಾವಿಗಳನ್ನು ನಂಬಿದವು. ಅದಕ್ಕೆ ನಾವೆಲ್ಲ ಇಟ್ಟ ಹೆಸರು ‘ಮುಂದುವರಿಯುವುದು’.

ಆ ಬುಧವಾರ ಖಾಲಿ ಕೈಯಲ್ಲಿ ಗೋಡೌನಿನಿಂದ ಬಂದವಳೇ ಮೇಸ್ತ್ರಿ ಹನುಮಂತಪ್ಪನಿಗೆ ಹೇಳಿಕಳಿಸಿದೆ. ಭಾನುವಾರ ಬಂದ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಗುಂಡಿಯೊಳಗೆ ಇಣುಕಿದ, ಗೋಡೆ ತಟ್ಟಿದ. ಸಲಾಕೆಯಿಂದ ಡ್ರಮ್ಮನ್ನು ಮೆಲ್ಲಗೆ ಒತ್ತಿದ. ತಗಡು ಹಪ್ಪಳದಂತೆ ಮುರಿದು ಸಲಾಕೆ ಒಳಗೆ ಹೋಯಿತು.

“ಗುಂಡಿ ಗಟ್ಟಿ ಐತ್ರಿ, ನನ್ನ ಕೆಲಸ ಅದು. ಡ್ರಮ್ ಪೂರಾ ಹೋಗೈತಿ. ವರ್ಷಾ ಬಣ್ಣ ಹಚ್ಚಿದ್ರ ಇನ್ನೂ ಬಾಳಿಕಿ ಬರ್ತಿತ್ತು.” ಸಲಾಕೆಗೆ ಹತ್ತಿದ ತುಕ್ಕು ಒರೆಸುತ್ತಾ ಹೇಳಿದ: “ಹೊಸಾ ಡ್ರಮ್ ಮಾಡಸಬಹುದ್ರಿ. ಎಮ್ಮಿ ತರಬಹುದು. ಆದ್ರ ದಿನಾ ಮಾಡೋರು ಬೇಕಲ್ರಿ ಟೀಚರಮ್ಮ?”

ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಬೆನ್ನು ಈಗ ಪೂರ್ತಿ ಬಾಗಿದೆ. ಪಕ್ಕ ಕೂತು ಹೇಳಿದೆ: “ಅತ್ತಿ, ಅವತ್ತು ಆ ಮೇಡಂ ಮುಂದ ನಾ ಹಂಗ ಅನ್ನಬಾರದಿತ್ತು.”

ಇಷ್ಟು ವರ್ಷದ ಮೇಲೆ ಅವರಿಗೆ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ.

“ಪಾಯಸ ಹಂಗ ಬಿಟ್ಟು ಹೋದಳಲ್ಲ, ಅಕಿ” ಎಂದರು ಅತ್ತೆ. “ಅಕಿ ಹೊರಗಿನಾಕಿ. ಅಕಿ ಮಾತು ನನ್ನ ಮನಸಿಗೆ ಹತ್ತಲಿಲ್ಲ.”

ಯಾರ ಮಾತು ಹತ್ತಿತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿದೆ?

“ಮತ್ತ ಶುರು ಮಾಡೋಣೇನ್ರಿ?” ಎಂದೆ.

ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡು ಬೆರಳುಗಳನ್ನು ಸವರಿದರು. “ನನ್ನ ಕೈಲಿ ಇನ್ನ ಆಗಂಗಿಲ್ಲ ಯವ್ವಾ. ನೀ ಸಗಣಿ ಕಲಸ್ತೀಯೇನು?”

ಹನುಮಂತಪ್ಪ ನನ್ನ ಮುಖ ನೋಡಿದ. ಬೆಳಿಗ್ಗೆ ಶಾಲೆ, ಡಬ್ಬಿ, ಬಸ್ಸು ಎಂದೆಲ್ಲ ಹೇಳತೊಡಗಿದೆ. ಅವನು ಸಲಾಕೆ ಎತ್ತಿಕೊಂಡು ಹೊರಟ.

ಮುಗಿದು ಹೋಗುವ ಇಂಧನ ಯಾವುದು, ಮುಗಿಯದ್ದು ಯಾವುದು ಎಂಬ ಪಾಠ ಎಂಟನೇ ಕ್ಲಾಸಿಗೆ ಪ್ರತಿ ವರ್ಷ ನನ್ನದೇ. ಗೋಬರ್ ಗ್ಯಾಸಿನ ಚಿತ್ರವನ್ನು ನೋಡದೆಯೇ ಬೋರ್ಡಿನ ಮೇಲೆ ಬಿಡಿಸುತ್ತೇನೆ, ಡ್ರಮ್ಮು ಸಮೇತ.

ಇಷ್ಟು ವರ್ಷ ಕಲಿಸಿದೆ. ಒಂದು ದಿನವೂ ಕಲಸಲಿಲ್ಲ.