ಹೆಸರಿಲ್ಲದ ಪೊದೆಯ ಆರು ಹಾಳೆಗಳು

1969ರಲ್ಲಿ ನಾನು ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದೆ. ಕಾಡಿನ ಗಿಡಗಳನ್ನು ತಂದು, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಯಾವ ಕುಟುಂಬ, ಯಾವ ಜಾತಿ ಎಂದು ಬರೆದಿಡುವುದು ನನ್ನ ಕೆಲಸ. ಇಂಥ ಹಾಳೆಗಳ ಸಂಗ್ರಹವೇ ಹರ್ಬೇರಿಯಂ. ನೆಮ್ಮದಿಯ ನೌಕರಿ ಎಂದು ನೆಂಟರೆಲ್ಲ ಹೊಟ್ಟೆಕಿಚ್ಚುಪಡುತ್ತಿದ್ದರು. ನನಗೆ ಬಿ.ಪಿ. ಶುರುವಾದದ್ದೇ ಅಲ್ಲಿ.

ಆ ಡಿಸೆಂಬರಿನಲ್ಲಿ ಊರಿನ ಪೂರ್ವಕ್ಕಿರುವ ಬೆಟ್ಟದ ಮಳೆಕಾಡಿಗೆ ಹೋಗಿದ್ದೆವು. ದಾರಿ ತೋರಿಸುತ್ತಿದ್ದವರು ಕಾಣಿ ಬುಡಕಟ್ಟಿನ ಹಿರಿಯರಾದ ಮಾತನ್. ತೊರೆಯ ಪಕ್ಕ ಎದೆಯೆತ್ತರದ ಏಳು ಪೊದೆಗಳನ್ನು ತೋರಿಸಿ, ಇವು ಬೇರೆಲ್ಲೂ ಇಲ್ಲ ಎಂದರು. ಹೂ ಬಿಟ್ಟಿದ್ದು ಒಂದೇ ಪೊದೆ. ಅಂಥ ಹೂವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ಅಪರೂಪದ ಗಿಡ ಸಿಕ್ಕರೆ ಬೇರೆ ಬೇರೆ ಹರ್ಬೇರಿಯಂಗಳಿಗೆ ಕಳಿಸಲು ಆರು ಡುಪ್ಲಿಕೇಟ್ ಮಾಡಬೇಕು. ಪ್ರತಿ ಹಾಳೆಯಲ್ಲೂ ಹೂವಿರಲೇಬೇಕು.

"ಒಂದು ಕೊಂಬೆ ಬಿಡಿ ಸಾರೇ," ಎಂದರು ಮಾತನ್ ಮಲಯಾಳದಲ್ಲಿ. "ಎಲ್ಲಾ ಕೊಯ್ದರೆ ಕಾಯಿ ಎಲ್ಲಿಂದ ಬರಬೇಕು?"

"ರೂಲ್ಸು, ಚೇಟ್ಟಾ," ಎಂದು ನಾನು ಆರೂ ಕೊಂಬೆ ಕತ್ತರಿಸಿದೆ. ಹೂವಿದ್ದದ್ದೂ ಆರರಲ್ಲೇ.

ಒಂದು ಹಾಳೆ ಕೊಚ್ಚಿಯ ಪ್ರೊಫೆಸರರಿಗೆ ಹೋಯಿತು. ತಿಂಗಳ ಮೇಲೆ ಉತ್ತರ ಬಂತು: ಹೂವು ಎರಡು ಕುಲಗಳಿಗೆ ಹೊಂದುತ್ತದೆ, ಕಾಯಿಯೊಳಗಿನ ಕೋಣೆಗಳನ್ನು ಎಣಿಸದೆ ವರ್ಗೀಕರಣ ಸಾಧ್ಯವಿಲ್ಲ, ಕಾಯಿ ಕಳಿಸಿ. ಅಷ್ಟರಲ್ಲಿ ಆ ಇಳಿಜಾರನ್ನು ಕಡಿದು ನೀಲಗಿರಿ ನೆಡುವ ಆದೇಶ ಬಂದಿತ್ತು. ರೇಂಜ್ ಆಫೀಸರ್ ಕೆಟ್ಟ ಮನುಷ್ಯರಲ್ಲ. "ಹೆಸರು ಬರೆದುಕೊಡಿ, ತೊರೆ ಪಕ್ಕದ ಜಾಗ ಬಿಡಿಸ್ತೇನೆ. ಹೆಸರಿಲ್ಲದ ಪೊದೆಗೆ ಫೈಲ್ ಹೇಗೆ ತೆರೆಯಲಿ?" ಎಂದರು.

ಮಾರ್ಚಿನಲ್ಲಿ ಕಾಯಿಗಾಗಿ ಬೆಟ್ಟಕ್ಕೆ ಓಡಿದೆ. ಒಂದೂ ಇರಲಿಲ್ಲ. ಹೇಗಿದ್ದೀತು? ಕಾಯಾಗಬೇಕಿದ್ದ ಹೂವೆಲ್ಲ ಆ ಆರು ಹಾಳೆಗಳ ಮೇಲಿತ್ತು. ಮಾತನ್ ನಾನು ಕತ್ತರಿಸಿದ್ದ ಆರು ತುದಿಗಳನ್ನು ಒಂದೊಂದಾಗಿ ಬಗ್ಗಿಸಿ ತೋರಿಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಾತ್ಕಾಲಿಕವಾಗಿ ಒಂದು ಹೆಸರಾದರೂ ಕೊಡೋಣ ಎಂದು ನನ್ನಂತೆ ಮೈಸೂರಿನವರೇ ಆದ ನಮ್ಮ ಸಾಹೇಬರಲ್ಲಿ ಗೋಗರೆದೆ.

"ತಪ್ಪು ಹೆಸರಿಗೆ ಸಹಿ ಹಾಕಿ ನಾನು ನಗೆಪಾಟಲಾಗ್ಲೇನಯ್ಯಾ? ಮುಂದಿನ ವರ್ಷ ಹೂ ಬಿಡುತ್ತೆ, ಕಾಯಿ ತಗೊಂಡ್ ಬಾ."

"ಮುಂದಿನ ವರ್ಷ ಗಿಡಾನೇ ಇರಲ್ಲ ಸಾರ್."

"ಅದು ಅರಣ್ಯ ಇಲಾಖೆಯವರ ತಲೆನೋವು."

ಬಸ್ಸು ಹಿಡಿದು ಕೊಚ್ಚಿಗೂ ಹೋದೆ. ಪ್ರೊಫೆಸರರು ಮಸೂರದಲ್ಲಿ ಹಾಳೆಯನ್ನು ಮತ್ತೆ ನೋಡಿ, ಕಾಯಿ ಬೇಕು ಎಂದರು. ಚಹಾ ಕುಡಿಸಿದರು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಅವರ ಶಾಸ್ತ್ರದಲ್ಲಿ ತಪ್ಪಿರಲಿಲ್ಲ.

ಮೇ ತಿಂಗಳಲ್ಲಿ ಇಳಿಜಾರು ಬೋಳಾಯಿತು. ಏಳು ಪೊದೆಗಳೂ ಹೋದವು. ಮುಂದಿನ ಹನ್ನೊಂದು ವರ್ಷ ಸುತ್ತಲ ಕಾಡೆಲ್ಲ ಜಾಲಾಡಿದೆ, ಇನ್ನೊಂದು ಸಿಗಲಿಲ್ಲ. ಪೊದೆಗಳು ಹೋದ ವರ್ಷವೇ ಇನ್ಸ್ಪೆಕ್ಷನ್ನಿಗೆ ಬಂದ ಅಧಿಕಾರಿ ನನ್ನ ಹಾಳೆಗಳನ್ನು ನೋಡಿ, ಇಷ್ಟು ಅಚ್ಚುಕಟ್ಟಾದ ಸಂಗ್ರಹ ತಾವು ಕಂಡೇ ಇಲ್ಲ ಎಂದು ವರದಿಯಲ್ಲಿ ಬರೆದರು.

ಕೆಲಸ ಕಲಿಸಿದ್ದು ಇಷ್ಟೆ: ಗಿಡಕ್ಕೆ ಹೆಸರಿಡಬೇಕಾದರೆ ಮೊದಲು ಗಿಡ ಇರಬೇಕು. ಇದು ತಿಳಿಯಲು ಎಂ.ಎಸ್ಸಿ. ಬೇಕಿರಲಿಲ್ಲ. ನಾನು ರ್‍ಯಾಂಕ್ ಬಂದವನು.